ಕಾಲುಚೀಲ ಬಿಚ್ಚಿಸಿದ ಡಾಕ್ಟರು

ನನ್ನ ಮೊಮ್ಮಗಳ ತಲೆಯೊಳಗೆ ಹೊಸ ಚುಕ್ಕೆ ಒಂದೂ ಬಂದಿಲ್ಲ. ಬೆನ್ನುಹುರಿಯಲ್ಲಿಯೂ ಬಂದಿಲ್ಲ. ಇವತ್ತು ಮಧ್ಯಾಹ್ನ ಡಾಕ್ಟರಮ್ಮನವರು ಹೋದ ವರ್ಷದ ಫಿಲ್ಮು ಒಂದು ಕಡೆ, ಈ ವರ್ಷದ್ದು ಇನ್ನೊಂದು ಕಡೆ ಬೆಳಕಿಗೆ ಸಿಕ್ಕಿಸಿ, ನನ್ನನ್ನೂ ಹತ್ತಿರ ಕರೆದು ತೋರಿಸಿದರು. ಅಲ್ಲಿ ಏಳು ಬಿಳಿ ಚುಕ್ಕೆ, ಇಲ್ಲಿಯೂ ಏಳು. ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವನು, ಆದರೂ ಬೆರಳಿಟ್ಟು ಎರಡು ಸಲ ಎಣಿಸಿದೆ. ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಗುರುತಿಲ್ಲದ ಮನುಷ್ಯನಿಗೂ ಹೇಳಿದೆ. ಅವನು, "ಏಳು ಚುಕ್ಕಿ ಅಂದ್ರೇನ್ರಿ ಕಾಕಾ?" ಎಂದು ಕೇಳಿದ. ಸಿಂದಗಿ ಬರುವ ತನಕ ಅವನನ್ನು ಬಿಡಲಿಲ್ಲ. ಅದನ್ನೇ ಈಗ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರು ಸಿಂದಗಿ ತಾಲೂಕಿನ ಯಂಕಂಚಿ. ನಾನು ಎತ್ತಿನ ಕಾಲಿಗೆ ನಾಲು ಬಡಿಯುವವನು. ನಾಲು ಅಂದರೆ ಗೊರಸಿನ ಕೆಳಗೆ ಹೊಡೆಯುವ ಕಬ್ಬಿಣದ ಲಾಳ. ಇಂಡಿ, ತಾಳಿಕೋಟೆ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲಿ ದನದ ಸಂತೆಯೋ ಅಲ್ಲಿ ನನ್ನ ಚೀಲ. ಹಗ್ಗ ಹಾಕಿ ಎತ್ತು ಕೆಡವಿ, ಕಾಲು ಕೂಡಿಸಿ ಕಟ್ಟಿ, ಗೊರಸು ಹೆರೆದು ನಾಲು ಕೂಡಿಸುವುದು ಎಲ್ಲರ ಕಣ್ಣಿಗೆ ಕಾಣುವ ಕೆಲಸ. ಅದಕ್ಕಿಂತ ಮುಂಚಿನದು ಯಾರಿಗೂ ಕಾಣುವುದಿಲ್ಲ. ಮೊದಲು ಎತ್ತನ್ನು ಹತ್ತು ಹೆಜ್ಜೆ ಆಚೆ, ಹತ್ತು ಹೆಜ್ಜೆ ಈಚೆ ನಡೆಸಿ ನೋಡುತ್ತೇನೆ. ಹಳೆಯ ನಾಲು ಯಾವ ಕಡೆ ಸವೆದಿದೆ ಎಂದು ನೋಡುತ್ತೇನೆ. ಕಾಲು ಎತ್ತಿ ಮೂಸುತ್ತೇನೆ. ಆಮೇಲೆ ಒಡೆಯನಿಗೆ, "ಇದಕ್ಕ ಏನರ ಹಚ್ಚೀಯೇನು?" ಎಂದು ಕೇಳುತ್ತೇನೆ. ಇಷ್ಟಾಗದೆ ಮೊಳೆ ಕೈಗೆ ತೆಗೆದುಕೊಳ್ಳುವುದಿಲ್ಲ.

ಹೀಗಿರುವುದರಿಂದಲೇ ಮೊಮ್ಮಗಳ ಚಪ್ಪಲಿ ನನ್ನ ಕಣ್ಣಿಗೆ ಬಿತ್ತು. ಅವಳು ಸಿಂದಗಿಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು, ಆಗ ಹತ್ತೊಂಬತ್ತು ವರ್ಷ. ಹೊಸ್ತಿಲ ಹೊರಗೆ ಬಿಟ್ಟ ಜೋಡಿಯಲ್ಲಿ ಎಡಗಾಲಿನದು ನೆಟ್ಟಗಿತ್ತು, ಬಲಗಾಲಿನದರ ಮುಂದಿನ ತುದಿ ಕಾಗದದಷ್ಟು ತೆಳ್ಳಗಾಗಿತ್ತು. ಬಲಗಾಲು ಎಳೆಯುವ ಎತ್ತಿನ ನಾಲು ಹೀಗೇ ಸವೆಯುತ್ತದೆ.

"ಯವ್ವಾ, ಬಲಗಾಲು ನೋಯ್ತೈತೇನು?" ಎಂದು ಕೇಳಿದೆ.

"ಇಲ್ಲ ಮುತ್ತ್ಯಾ. ಸಂಜಿಮುಂದ ಸ್ವಲ್ಪ ಭಾರ ಆಗತೈತಿ. ನನಗೂ ನಾಲು ಬಡೀತೀಯೇನು ಮತ್ತ?" ಎಂದು ನಕ್ಕಳು.

ನಾನೂ ನಕ್ಕೆ. ತಿಂಗಳೊಳಗೆ ಅವಳ ಬಲಗಣ್ಣಿಗೆ ಮಬ್ಬು ಕವಿಯಿತು. ಕಣ್ಣು ಹೊರಳಿಸಿದರೆ ಒಳಗೆ ನೋವು, ಕೆಂಪು ಬಣ್ಣ ಕಂದಿದಂತೆ ಕಾಣುವುದು. ಕಣ್ಣಿನ ಡಾಕ್ಟರು ನೋಡಿ, ಇದು ಕಣ್ಣಿನದಲ್ಲ, ಕಣ್ಣಿನ ಹಿಂದಿನ ನರದ್ದು ಎಂದು ಹೇಳಿ ನರದ ಡಾಕ್ಟರ ಹತ್ತಿರ ಕಳಿಸಿದರು. ಅವಳಪ್ಪ, ನನ್ನ ಮಗ, ಟ್ರ್ಯಾಕ್ಟರು ಹೊಡೆಯುತ್ತಾನೆ, ಅದು ಬಿತ್ತಿಗೆಯ ದಿನ. ಅವಳ ಜೊತೆ ಹೋದವನು ನಾನು.

ಆ ಮೊದಲನೇ ನರದ ಡಾಕ್ಟರನ್ನು ನಾನು ಬಯ್ಯುವುದಿಲ್ಲ. ರೋಗ ಪತ್ತೆ ಹಚ್ಚಿದವರು ಅವರೇ. ತಲೆಯದು, ಕುತ್ತಿಗೆಯದು ಸ್ಕ್ಯಾನ್ ಮಾಡಿಸಿದರು, ಬೆನ್ನಿನಿಂದ ನೀರು ತೆಗೆಸಿದರು, ಐದು ದಿನ ಸಲಾಯಿನ್‌ನಲ್ಲಿ ಸ್ಟಿರಾಯ್ಡ್ ಹಾಕಿಸಿದರು. ಕಣ್ಣು ತಿಳಿಯಾಯಿತು. ಚೀಟಿಯ ಮೇಲೆ ರೋಗದ ಹೆಸರು ಬರೆದುಕೊಟ್ಟರು, ಮಲ್ಟಿಪಲ್ ಸ್ಕ್ಲೆರೋಸಿಸ್. "ಇದು ಬರುತ್ತೆ, ಹೋಗುತ್ತೆ. ಬಂದಾಗ ಕರ್ಕೊಂಡು ಬನ್ನಿ" ಎಂದರು. ಹೊರಗೆ ಬಾಗಿಲ ಹತ್ತಿರ ಮುಂದಿನ ರೋಗಿ ಆಗಲೇ ಎದ್ದು ನಿಂತಿದ್ದ.

ಬಂದಾಗ ಅಂದರೆ ಯಾವಾಗ, ಮುಂದಿನ ಸಲ ಏನು ಹೋಗುತ್ತದೆ, ಕಣ್ಣೋ ಕಾಲೋ, ಇದನ್ನು ಕೇಳಬೇಕೆಂದು ಬಾಯಿಗೆ ಬಂದಿತ್ತು. ಕೇಳಲಿಲ್ಲ. ಅಂದಿನಿಂದ ನನಗೆ ಅಂಜಿಕೆ ಹತ್ತಿತು. ಅವಳು ನೀರಿನ ಕೊಡ ಎತ್ತಿದರೆ ಅಂಜಿಕೆ, ಬಸ್ಸು ಹತ್ತಿದರೆ ಅಂಜಿಕೆ. ಅವಳು ಕೂತಲ್ಲಿ ಕಣ್ಣು ಮುಚ್ಚಿದರೆ, ದಣಿದಿದ್ದಾಳೋ ಕಣ್ಣು ಹೋಯಿತೋ ಎಂದು ಎದುರಿಗೆ ಹೋಗಿ ನಿಲ್ಲುತ್ತಿದ್ದೆ.

ಚಳಿಗಾಲಕ್ಕೆ ಬಲಗಾಲಿನ ಪಾದ ಜೋಮು ಹಿಡಿಯಿತು. ನನಗೆ ಗೊತ್ತಿದ್ದ ವಿದ್ಯೆ ಒಂದೇ. ಎತ್ತಿನ ಕಾಲು ಬಿಗಿದರೆ ಉಪ್ಪು ಹುರಿದು ಅರಿವೆಯಲ್ಲಿ ಗಂಟು ಕಟ್ಟಿ ಶಾಖ ಕೊಡುತ್ತೇವೆ. ಹಂಚಿನ ಮೇಲೆ ಉಪ್ಪು ಕಾಯಿಸಿ, ಗಂಟು ಕಟ್ಟಿ ಅವಳ ಅಂಗಾಲಿಗೆ ಒತ್ತಿದೆ.

"ಸುಡತೈತೇನವ್ವಾ?"

"ಇಲ್ಲ ಮುತ್ತ್ಯಾ. ಏನೂ ಗೊತ್ತಾಗವಲ್ದು."

ಶಾಖ ಸಾಲಲಿಲ್ಲ ಎಂದುಕೊಂಡು ನಾನು ಇನ್ನಷ್ಟು ಕಾಯಿಸಿದೆ.

ಮರುದಿನ ಪಾದದ ಬದಿಗೆ ರೂಪಾಯಿ ಅಗಲದ ಗುಳ್ಳೆ ಎದ್ದಿತ್ತು. ಅವಳಿಗೆ ಗೊತ್ತೇ ಇಲ್ಲ, ಕಾಲು ತೊಳೆಯುವಾಗ ಅವಳ ಆಯಿ, ನನ್ನ ಹೆಂಡತಿ, ನೋಡಿದ್ದು. "ನಿನ್ನ ಕೈಯಾಗ ಎತ್ತು ಉಳೀತಾವ, ಮನಷ್ಯಾರು ಉಳಿಯಂಗಿಲ್ಲ" ಎಂದು ಹೆಂಡತಿ ಅಂದಳು. ಆದರೆ ಆಕೆಯೂ ಸುಮ್ಮನಿರಲಿಲ್ಲ, ನರ ಸಡಿಲಾಗಲಿ ಎಂದು ದಿನಾ ಹಂಡೆಯ ಕುದಿನೀರು ಹೊಯ್ದು ಜಳಕ ಮಾಡಿಸಿದಳು. ಜಳಕ ಮಾಡಿ ಬಂದ ಹುಡುಗಿ ಗೋಡೆ ಹಿಡಿದು ನಿಲ್ಲುವಳು. ಕಣ್ಣು ಮತ್ತೆ ಮಬ್ಬು. ಒಂದು ತಾಸಿಗೆ ತಿಳಿಯಾಗುವುದು, ಮರುದಿನ ಮತ್ತೆ ಅದೇ.

ರೋಗ ತಿರುಗಿ ಬಂತೆಂದು ಓಡಿದೆವು. ಹೊರಡುವ ಮುಂಚೆ ಮೊಮ್ಮಗಳು ತಾನಾಗಿಯೇ ಕಾಲುಚೀಲ ಏರಿಸಿದಳು. "ಡಾಕ್ಟರು ಗುಳ್ಳಿ ನೋಡಿದ್ರ ನಿನ್ನ ಬೈತಾರ ಮುತ್ತ್ಯಾ. ಯಾಕ ಬೇಕು" ಎಂದಳು. ನಾನು ಬೇಡ ಅನ್ನಲಿಲ್ಲ.

ಡಾಕ್ಟರು, "ಎಷ್ಟು ದಿನದಿಂದ ಮಬ್ಬು?" ಎಂದು ಕೇಳಿದರು. "ನಾಕ ದಿನ ಆತ್ರಿ" ಎಂದೆ. ಜಳಕದ ಮೇಲೆ ಬರುತ್ತದೆ, ಆಮೇಲೆ ಹೋಗುತ್ತದೆ ಎಂಬುದನ್ನು ಹೇಳಲಿಲ್ಲ. ಹೇಳಿದರೆ ನೀರಿನ ಮಾತು ಬರುತ್ತದೆ, ನೀರಿನಿಂದ ಉಪ್ಪಿನ ಗಂಟಿಗೆ ಬರುತ್ತದೆ. ಅವರು ಮತ್ತೆ ಐದು ದಿನದ ಸ್ಟಿರಾಯ್ಡ್ ಬರೆದರು. ಈ ಸಲ ಹುಡುಗಿಯ ಮುಖ ಉಬ್ಬಿತು, ಸಕ್ಕರೆ ಏರಿತು, ಕಾರಣವಿಲ್ಲದೆ ಅಳುತ್ತಿದ್ದಳು. ಆಮೇಲೆ ತೋರಿಸಲು ಎರಡು ಸಲ ಹೋದೆವು. ಒಟ್ಟು ಮೂರು ಸಲ ಆ ಕಾಲುಚೀಲ ಅವರ ಮೇಜಿನ ಮುಂದೆ ಕೂತು ಎದ್ದು ಬಂತು. ಅವರು ಫಿಲ್ಮು ನೋಡಿದರು, ಚೀಟಿ ಬರೆದರು. ನಡೆ ಅನ್ನಲಿಲ್ಲ, ಕಾಲು ತೋರಿಸು ಅನ್ನಲಿಲ್ಲ. ಪ್ರತಿ ಸಲ ಹೊರಗೆ ಬಂದಾಗ ನನಗೆ ಉಸಿರು ಬಂದಂತಾಗುತ್ತಿತ್ತು, ನೋಡಲಿಲ್ಲವಲ್ಲ ಎಂದು.

ಅದೇ ದಿನಗಳಲ್ಲಿ ಇಂಡಿಯ ಸಂತೆಗೆ ಹೋಗಿದ್ದೆ. ಪರಿಚಯದ ರೈತನೊಬ್ಬ ಕುಂಟುವ ಎತ್ತು ಹಿಡಿದು ಬಂದ. ಅವನೂ ಮೊಣಕಾಲು ನೋವಿನವನು.

"ನಿಮ್ಮಿಬ್ಬರೊಳಗ ನಾಲು ಯಾರಿಗಿ ಬಡೀಲೋ?" ಎಂದೆ.

"ಮೊದಲ ಅದಕ್ಕ ಬಡಿ. ನಂದು ನನ್ನ ಹೇಣ್ತಿ ನೋಡ್ಕೋತಾಳ."

ನಡೆಸಿದೆ. ಎಡಗಾಲು ಊರುತ್ತಿರಲಿಲ್ಲ. "ಏನರ ಹಚ್ಚೀಯೇನು?" ಎಂದು ಕೇಳಿದೆ. ಏನೂ ಇಲ್ಲ ಎಂದ. ಎತ್ತು ಕೆಡವಿ ಕಾಲು ಬಿಡಿಸಿ ನೋಡಿದರೆ ಗೊರಸಿನ ಸಂದಿನಲ್ಲಿ ಸುಣ್ಣ ಬೆಲ್ಲ ಕಲಸಿ ತುಂಬಿದ್ದಾನೆ, ಒಳಗೆ ಗಾಯ, ಸುಣ್ಣಕ್ಕೆ ಮಾಂಸ ಬೆಂದಿದೆ. ಮೇಲೆ ನಾಲು ಬಡಿದಿದ್ದರೆ ಆ ಕಾಲು ಮುಗಿದಿತ್ತು.

"ಯಾಕ ಹೇಳಲಿಲ್ಲೋ?"

"ನೀ ಬೈತಿ ಅಂತ."

"ನಾ ಯಾವಾಗರ ಬೈದೇನೇನು?"

ಅವನು ಎತ್ತಿನ ಕೊರಳು ಸವರುತ್ತ, "ಬೈದಿಲ್ಲ. ಆದ್ರೂ ಅಂಜಿಕಿ ಬರತೈತಲ್ಲ. ನನ್ನ ಕೈಲೆ ಕೆಟ್ಟಿದ್ದು ನನ್ನ ಬಾಯಿಲೆ ಹ್ಯಾಂಗ ಹೇಳ್ಲಿ?" ಎಂದ.

ನನ್ನ ಕೈಯಲ್ಲಿದ್ದ ಉಳಿ ಹಾಗೇ ನಿಂತಿತು. ಗಾಯ ತೊಳೆದೆ, ಬೇವಿನೆಣ್ಣೆ ಹಚ್ಚಿದೆ, ನಾಲು ಬಡಿಯದೆ ಕಳಿಸಿದೆ. ಅಂದು ಬೇರೆ ಎತ್ತು ಹಿಡಿಯಲಿಲ್ಲ. ಅವನು ಸುಳ್ಳು ಹೇಳಿದ, ನಾನು ಕಾಲು ಎತ್ತಿ ನೋಡಿದ್ದಕ್ಕೆ ಎತ್ತು ಉಳಿಯಿತು. ನಾನೂ ಸುಳ್ಳು ಹೇಳಿದ್ದೇನೆ, ಆದರೆ ಅಲ್ಲಿ ಕಾಲು ಎತ್ತಿ ನೋಡುವವರು ಯಾರೂ ಇಲ್ಲ. ಅದಕ್ಕೆ ನಾನು ಸಂತೋಷಪಟ್ಟಿದ್ದೇನೆ. ಬಸ್ಸಿನಲ್ಲಿ ಬರುವಾಗ ಇದೇ ತಲೆಯಲ್ಲಿ ತಿರುಗುತ್ತಿತ್ತು.

ಮನೆಗೆ ಬಂದು ಮೊಮ್ಮಗಳಿಗೆ ಹೇಳಿದೆ, "ಆ ಡಾಕ್ಟರು ನಮಗ ಹೊಂದತಾರೋ ಇಲ್ಲೋ ನೋಡೂಣು. ಒಂದ ಸಲ ನೆಟ್ಟಗ ಕೇಳಿ ನೋಡೂಣು. ನಿನ್ನ ಮನಸಿನ್ಯಾಗ ಏನೈತಿ ಬರಿ."

ಅವಳು ನೋಟಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಳು. ರೋಗ ಬರದಂತೆ ತಡೆಯುವ ಔಷಧ ಇದೆಯೇ? ನನ್ನ ಕಾಲಿನ ಭಾರ ಇದರದ್ದೇ? ಕಾಲೇಜಿಗೆ ಹೋಗಬಹುದೇ? ನಡುವೆ ತೊಂದರೆ ಬಂದರೆ ಯಾರಿಗೆ ಫೋನು ಮಾಡಬೇಕು? ಐದನೆಯದನ್ನು ಕೈ ಅಡ್ಡ ಇಟ್ಟು ಬರೆದಳು. ಆಮೇಲೆ ತಾನೇ ಕೈ ತೆಗೆದಳು. ಮುಂದೆ ಮದುವೆ, ಮಕ್ಕಳು ಆಗುತ್ತದೆಯೇ?

ಡಾಕ್ಟರ ಮುಂದೆ ಅವಳು ಹಾಳೆ ಬಿಚ್ಚಿ ಮೊದಲನೆಯದನ್ನು ಓದಿದಳು. ಅವರು ನನ್ನ ಕಡೆ ನೋಡಿ, "ಮೊಬೈಲ್‌ನಲ್ಲಿ ಏನೇನೋ ಓದಿಸಬೇಡಿ ಅಜ್ಜ. ಬಂದಾಗ ನೋಡೋಣ" ಎಂದರು. ಎರಡನೆಯದಕ್ಕೆ ಬರುವಷ್ಟರಲ್ಲಿ ಗಂಟೆ ಒತ್ತಿದ್ದರು. ನಾನು ಉಪ್ಪಿನ ಗಂಟಿನ ಮಾತು ಹೇಳಬೇಕೆಂದು ಗಟ್ಟಿ ಮಾಡಿಕೊಂಡು ಹೋಗಿದ್ದೆ. ಹೇಳದೆಯೇ ಎದ್ದು ಬಂದೆ. ಆಚೆ ಬಂದು ಅವಳು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಚೀಲದಲ್ಲಿಟ್ಟಳು.

ಆ ಡಾಕ್ಟರನ್ನು ಬಿಡುವುದು ಸುಲಭದ ಮಾತಲ್ಲ. ಡಾಕ್ಟರು ಸಿಟ್ಟಾದರೆ ನಾಳೆ ಕಣ್ಣು ಹೋದಾಗ ಯಾರು ಸಲಾಯಿನ್ ಹಾಕುತ್ತಾರೆ? ಮಗನೂ ಅದನ್ನೇ ಅಂದ, "ಯಪ್ಪಾ, ಇದ್ದವರನ್ನ ಯಾಕ ಕಳಕೋತಿ?" ಮೊದಲು ಕಳಿಸಿದ್ದ ಕಣ್ಣಿನ ಡಾಕ್ಟರನ್ನೇ ಹೋಗಿ ಕೇಳಿದೆ. ಅವರು, "ಇನ್ನೊಬ್ಬರಿಗೆ ತೋರಿಸೋದು ತಪ್ಪಲ್ರಿ. ಕದ್ದು ಹೋಗಬ್ಯಾಡ್ರಿ, ಕಾಗದ ಎಲ್ಲಾ ಕೇಳಿ ಇಸ್ಕೊಂಡು ಹೋಗ್ರಿ. ಈ ರೋಗದವರನ್ನ ಹೆಚ್ಚು ನೋಡೋರು ಒಬ್ಬರದಾರ" ಎಂದು ನಾಲ್ಕು ತಾಸಿನ ಹಾದಿಯ ಊರಿನ ಡಾಕ್ಟರಮ್ಮನವರಿಗೆ ಚೀಟಿ ಬರೆದರು. ಫಿಲ್ಮುಗಳು, ನೀರಿನ ಪರೀಕ್ಷೆಯ ಕಾಗದ, ಯಾವ ದಿನ ಯಾವ ಸಲಾಯಿನ್ ಎಂಬ ಚೀಟಿ, ಎಲ್ಲವನ್ನೂ ಕೇಳಿ ಪಡೆದೆವು. ಕೌಂಟರಿನವನು ತಕರಾರು ಮಾಡದೆ ಕೊಟ್ಟ. ಸಿಟ್ಟಾಗುತ್ತಾರೆ ಎಂದು ಅಷ್ಟು ದಿನ ಅಂಜಿದ್ದೆ, ಯಾರೂ ಸಿಟ್ಟಾಗಲಿಲ್ಲ.

ಡಾಕ್ಟರಮ್ಮನವರಿಗೆ ನಲವತ್ತರ ಮೇಲೆ ವಯಸ್ಸು. ಫಿಲ್ಮಿನ ಚೀಲ ಮುಂದಿಟ್ಟೆ. ಅವರು ಅದನ್ನು ಬದಿಗೆ ಸರಿಸಿ ಹುಡುಗಿಯ ಕಡೆ ತಿರುಗಿದರು. "ಇದು ಆಮ್ಯಾಲ. ಮೊದಲ ನೀ ಹೇಳು, ಏನಾತು?" ನಾನು ಬಾಯಿ ತೆಗೆದೆ. "ಅಜ್ಜಾರ, ನಿಮ್ಮ ಪಾಳಿ ಬರತದ, ಸ್ವಲ್ಪ ತಡೀರಿ" ಎಂದರು. ಕಣ್ಣು, ಕೈ, ದಣಿವು ಎಲ್ಲ ಕೇಳಿದರು. ಮೂತ್ರ ತಡೆಯಲು ಆಗುತ್ತದೆಯೇ ಎಂದು ಕೇಳುವಾಗ ನನ್ನನ್ನು ಎರಡು ನಿಮಿಷ ಹೊರಗೆ ಕೂಡಿಸಿದರು. ಆಮೇಲೆ ಬಾಗಿಲು ತೆರೆದು, "ಇಲ್ಲಿಂದ ಆ ಕಿಟಕಿ ತನಕ ನಡಿ. ಹೊಳ್ಳಿ ಬಾ" ಎಂದರು.

ಹತ್ತು ಹೆಜ್ಜೆ ಆಚೆ, ಹತ್ತು ಹೆಜ್ಜೆ ಈಚೆ. ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದ ನನ್ನನ್ನೂ ಅವಳ ಜೊತೆ ಒಳಗೆ ಕರೆದು ಕೂಡಿಸಿದರು. ಮುಂದೇನು ಎಂದು ನನಗೆ ಗೊತ್ತಿತ್ತು.

"ಕಾಲುಚೀಲ ಬಿಚ್ಚವ್ವಾ."

ಬಿಚ್ಚಿದಳು. ಗುಳ್ಳೆ ಒಣಗಿ ಕಪ್ಪು ಕಲೆಯಾಗಿತ್ತು. ಡಾಕ್ಟರಮ್ಮ ಬಗ್ಗಿ ಪಾದ ಕೈಯಲ್ಲಿ ಹಿಡಿದು, "ಇದೇನಿದು?" ಎಂದು ಕೇಳಿದರು.

ಮೊಮ್ಮಗಳು ನನ್ನ ಕಡೆ ನೋಡಲಿಲ್ಲ. "ಚಾ ಚೆಲ್ಲಿತ್ರಿ ಮೇಡಮ್" ಎಂದಳು.

ಇಲ್ಲಿಂದಲೂ ಕಳಿಸಿಬಿಟ್ಟರೆ ಮುಂದೆ ಯಾವ ಊರು? ಆದರೂ ಎದ್ದು ನಿಂತೆ. "ಸುಳ್ಳ್ರಿ. ಚಾ ಅಲ್ಲ. ನಾ ಉಪ್ಪಿನ ಗಂಟು ಕಾಸಿ ಒತ್ತೇನ್ರಿ. ಎತ್ತಿಗಿ ಒತ್ತಿದಂಗ. ಆಕಿಗಿ ಗೊತ್ತಾಗಲಿಲ್ಲ ಅಂತ ಇನ್ನಷ್ಟು ಕಾಸೇನಿ" ಎಂದೆ. ಕುದಿನೀರಿನ ಜಳಕ, ಒಂದು ತಾಸಿನ ಮಬ್ಬು, ಎರಡನೇ ಸಲದ ಐದು ಸಲಾಯಿನ್, ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದಿದ್ದೆ.

ಅವರು ಪಾದವನ್ನು ಕೆಳಗಿಟ್ಟು ಎದ್ದರು. "ಇದನ್ನ ಮೊದಲ ಯಾರಿಗರ ಹೇಳಿದ್ರೇನು?"

"ಇಲ್ರಿ. ಅಂಜಿಕಿ."

"ನನಗ ಹೇಳಿದ್ರಲ್ಲ, ಕೂಡ್ರಿ."

ಒಂದು ಹಾಳೆಯ ಮೇಲೆ ಕರೆಂಟಿನ ತಂತಿ ಬರೆದರು. ತಂತಿಗೆ ರಬ್ಬರು ಇರುವಂತೆ ನರಕ್ಕೂ ಒಂದು ಹೊದಿಕೆ ಇರುತ್ತದೆ. ಈ ರೋಗದಲ್ಲಿ ಮೈಯೇ ಅಲ್ಲಲ್ಲಿ ಆ ಹೊದಿಕೆಯನ್ನು ತಿನ್ನುತ್ತದೆ. ತಿಂದ ಜಾಗವೇ ಫಿಲ್ಮಿನ ಬಿಳಿ ಚುಕ್ಕೆ. ಹೊದಿಕೆ ಹೋದ ನರ ಮೈ ಬಿಸಿಯಾದಾಗ ಇನ್ನಷ್ಟು ಸೋಲುತ್ತದೆ, ತಣ್ಣಗಾದ ಮೇಲೆ ಮೊದಲಿನಂತಾಗುತ್ತದೆ. "ಬಿಸಿನೀರಿನಿಂದ ರೋಗ ಬೆಳೆದಿಲ್ಲ ಅಜ್ಜಾರ. ಆ ಪಾಪ ನಿಮ್ಮ ತಲಿ ಮ್ಯಾಲ ಇಟ್ಕೋಬ್ಯಾಡ್ರಿ. ಆದ್ರ ಜಳಕದ ಮಾತು ಹೇಳಿದ್ರ ಎರಡನೇ ಸಲದ ಸ್ಟಿರಾಯ್ಡ್ ಬಹುಶಃ ಬೇಕಾಗ್ತಿರಲಿಲ್ಲ. ಇನ್ನ ಮುಂದ ಉಗುರುಬೆಚ್ಚಗಿನ ನೀರು. ಜೋಮು ಹಿಡಿದ ಕಾಲಿಗೆ ಶಾಖ ಬ್ಯಾಡ. ನೀರಿನ ಬಿಸಿ ಕೈಲೆ ನೋಡ್ರಿ, ಆಕಿ ಕಾಲಿಲೆ ಅಲ್ಲ."

ಬೈದಿದ್ದರೆ ಹಗುರಾಗುತ್ತಿತ್ತೇನೋ. ಅವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು, ಅದು ಭಾರವಾಗಿ ಒಳಗಿಳಿಯಿತು.

ಮೊಮ್ಮಗಳು ಮಡಿಚಿದ ಹಾಳೆ ತೆಗೆದಳು. ಐದೂ ಕೇಳಿದಳು. ರೋಗ ಮತ್ತೆ ಮತ್ತೆ ಬರುವುದನ್ನು ಕಡಿಮೆ ಮಾಡುವ ಔಷಧಗಳಿವೆ ಎಂದರು. ದಿನಾ ನುಂಗುವ ಮಾತ್ರೆ ಒಂದು ದಾರಿ, ಆರು ತಿಂಗಳಿಗೊಮ್ಮೆ ಸಲಾಯಿನ್‌ನಲ್ಲಿ ಕೊಡುವುದು ಇನ್ನೊಂದು. ಎರಡರ ಒಳ್ಳೆಯದನ್ನೂ ಕೆಟ್ಟದ್ದನ್ನೂ ಹೇಳಿದರು. ಎರಡನೆಯದರಿಂದ ಸೋಂಕು ತಡೆಯುವ ಶಕ್ತಿ ತಗ್ಗುತ್ತದೆ, ಮೊದಲು ರಕ್ತ ಪರೀಕ್ಷೆ, ಬೇಕಾದ ಲಸಿಕೆ ಆಗಬೇಕು. ಕಾಲಿನ ಭಾರವೂ ಈ ರೋಗದ್ದೇ, ಆದರೂ ಕಾಲೇಜು ಬಿಡಬೇಡ. ಮದುವೆ, ಮಕ್ಕಳು ಆಗುತ್ತವೆ, ಆದರೆ ಮಗು ಬೇಕೆನ್ನುವ ಮುಂಚೆಯೇ ನನ್ನ ಹತ್ತಿರ ಬಾ, ಔಷಧ ಅದಕ್ಕೆ ತಕ್ಕಂತೆ ಹೊಂದಿಸಬೇಕು. ತೊಂದರೆ ಬಂದು ಒಂದು ದಿನ ದಾಟಿದರೆ ಫೋನು ಮಾಡು, ನಾನಿಲ್ಲದಿದ್ದರೆ ಸಿಸ್ಟರ್ ಎತ್ತುತ್ತಾರೆ ಎಂದರು.

ನನ್ನ ಪಾಳಿ ಬಂತು. "ಮುಂದ ಆಕಿ ನಡಿಯೂದು ನಿಂದರತೈತೇನ್ರಿ?" ಎಂದು ಕೇಳಿದೆ.

"ನನಗ ಗೊತ್ತಿಲ್ಲ ಅಜ್ಜಾರ" ಎಂದರು ಅವರು. "ಗೊತ್ತದ ಅಂದ್ರ ಸುಳ್ಳಾಗತದ. ನಡಿಯೂದು ನಿಲ್ಲಬಾರದು ಅಂತ ಏನೇನು ಮಾಡಬೇಕೋ ಮಾಡೂಣು. ವರ್ಷಕ್ಕೊಮ್ಮೆ ಫಿಲ್ಮು ಹೇಳತದ."

ನಿಜ ಹೇಳಬೇಕೆಂದರೆ ಆ ಮಾತಿಗೆ ನನ್ನ ಅಂಜಿಕೆ ಹೆಚ್ಚಾಯಿತು. ಆದರೆ ಇವರೇ ನಮ್ಮ ಡಾಕ್ಟರು ಎಂದು ಗಟ್ಟಿಯಾದದ್ದೂ ಅದೇ ಮಾತಿಗೆ. ಎರಡೂ ಒಂದೇ ಹೊತ್ತಿಗೆ ಆಯಿತು.

ಮೊಮ್ಮಗಳು ಮನೆಗೆ ಬಂದು ಎರಡು ದಿನ ವಿಚಾರ ಮಾಡಿ ಸಲಾಯಿನ್ ದಾರಿ ಆರಿಸಿಕೊಂಡಳು. ಸ್ಕ್ಯಾನ್ ಹೊಸದಾಗಿ ಆಯಿತು, ಏಳು ಚುಕ್ಕೆ. ಮೊದಲನೇ ಸಲಾಯಿನ್ ಹಚ್ಚಿದ ಅರ್ಧ ತಾಸಿಗೆ ಅವಳ ಗಂಟಲು ಕೆರೆಯಲು ಶುರುವಾಯಿತು, ಕೊರಳ ಮೇಲೆ ದದ್ದು ಎದ್ದವು. ನಾನು ಕಾರಿಡಾರಿನಲ್ಲಿ ಕೂಗಿಕೊಂಡು ಓಡಿದೆ. ಸಿಸ್ಟರ್ ಬಂದು ಸಲಾಯಿನ್ ನಿಲ್ಲಿಸಿ, ಒಂದು ಸೂಜಿ ಕೊಟ್ಟು, ಅರ್ಧ ತಾಸು ಬಿಟ್ಟು ಹನಿ ಸಾವಕಾಶ ಮಾಡಿ ಮತ್ತೆ ಹಚ್ಚಿದರು. "ಹಿಂಗಾಗಬಹುದು ಅಂತ ಮೇಡಮ್ ಮೊದಲ ಹೇಳಿರಲಿಲ್ಲೇನ್ರಿ?" ಎಂದರು. ಹೇಳಿದ್ದರು. ಅಂಜಿಕೆಯಲ್ಲಿ ಮರೆತಿದ್ದೆ. ಹನಿ ಬೀಳುವುದನ್ನು ಸಂಜೆ ತನಕ ನೋಡುತ್ತ ಕೂತೆ.

ಆಮೇಲಿನ ವರ್ಷ ಹೇಗೆ ಹೋಯಿತೆಂದು ಕೇಳಬೇಡಿ. ಒಂದು ಸೀನು ಬಂದರೆ ಸೋಂಕೇ ಎಂದು ಅಂಜುವುದು. ದಿನಾ ಸಂಜೆ ಅವಳು ಚಪ್ಪಲಿ ಬಿಟ್ಟು ಒಳಗೆ ಹೋದ ಮೇಲೆ ಬಲಗಾಲಿನದನ್ನು ತಿರುವಿ ನೋಡುವುದು. ಎರಡು ಸಲ ಸಿಕ್ಕಿಬಿದ್ದೆ. "ಮುತ್ತ್ಯಾ, ಅದು ಎತ್ತಿಂದಲ್ಲೋ, ನಂದು. ಕೆಳಗಿಡು" ಎಂದಳು. ಇವತ್ತು ಡಾಕ್ಟರಮ್ಮ ಫಿಲ್ಮು ತೋರಿಸಿದ ಮೇಲೆ ಅವಳನ್ನು ಮತ್ತೆ ನಡೆಸಿದರು. ಬಲಗಾಲು ಇನ್ನೂ ಚೂರು ತಡವಾಗಿ ಏಳುತ್ತದೆ. ಬಿಸಿನೀರಿನ ನಳಿಕೆ, ತಣ್ಣೀರಿನ ನಳಿಕೆ ಪಾದಕ್ಕೆ ಮುಟ್ಟಿಸಿದರು. ಎಡಗಾಲಿಗೆ ಕೂಡಲೇ ಹೇಳಿದಳು. ಬಲಗಾಲಿಗೆ ವಿಚಾರ ಮಾಡಿ ಹೇಳಿದಳು, ಒಂದು ತಪ್ಪಿತು. "ಪೂರಾ ಬಂದಿಲ್ಲ. ಬರಾಕತ್ತದ" ಎಂದರು ಡಾಕ್ಟರಮ್ಮ.

ಸಂಜೆ ಮನೆ ಮುಟ್ಟುವಷ್ಟರಲ್ಲಿ ಸೊಸೆ ಕಡಬು ಮಾಡಿದ್ದಳು, ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು, ಎಣ್ಣೆಗಾಯಿ ಬದನೆ ಕುದಿಯುತ್ತಿತ್ತು. ಮಗ ಟ್ರ್ಯಾಕ್ಟರು ಬೇಗ ನಿಲ್ಲಿಸಿ ಬಂದಿದ್ದ. "ಏಳ ಅದಾವೇನಪ್ಪಾ? ಎಂಟಲ್ಲ?" ಎಂದು ಬಾಗಿಲಲ್ಲೇ ಮೂರನೇ ಸಲ ಕೇಳಿದ. ಬಸ್ಸಿನಿಂದ ಫೋನಿನಲ್ಲಿ ಎರಡು ಸಲ ಹೇಳಿದ್ದೆ.

ಎಲ್ಲರೂ ಪಡಸಾಲೆಯಲ್ಲಿ ಸಾಲಾಗಿ ಕೂತೆವು. ಯಾವತ್ತೂ ಕಡೆಗೆ ಉಣ್ಣುವ ಹೆಂಡತಿ, ಸೊಸೆಯನ್ನೂ ಇವತ್ತು ಎಳೆದು ಕೂಡಿಸಿದೆ. ಸೊಸೆ ಸಾರಿನ ಬೋಗುಣಿ ಒಲೆಯಿಂದ ಇಳಿಸಿ ತಂದು ನಡುವೆ ಇಟ್ಟಳು. ಮೊಮ್ಮಗಳು ರೊಟ್ಟಿಗೆ ಕೈ ಚಾಚಿದಾಗ ಅವಳ ಬಲಗಾಲಿನ ಪಾದ ಬೋಗುಣಿಗೆ ತಗಲಿತು. ಒಂದು ಕ್ಷಣ ಪಾದ ಅಲ್ಲೇ ಇತ್ತು.

ಆಮೇಲೆ ಅವಳು ತಟ್ಟನೆ ಕಾಲು ಎಳೆದುಕೊಂಡಳು. "ಯವ್ವಾ, ಸುಡತೈತಿ" ಎಂದಳು.

ಅವಳೇ ತನ್ನ ಪಾದ ಹಿಡಿದುಕೊಂಡು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಸಾವಕಾಶವಾಗಿ ಇನ್ನೊಮ್ಮೆ ಹೇಳಿದಳು, "ಮುತ್ತ್ಯಾ, ಸುಟ್ಟಿತು ನನಗ."

"ಬೋಗುಣಿ ಅಲ್ಲಿಡೂದೇನು, ಕಣ್ಣಿಲ್ಲೇನು ನಿನಗ" ಎಂದು ಹೆಂಡತಿ ಸೊಸೆಯನ್ನು ಬಯ್ಯುತ್ತ ಕಣ್ಣಿಗೆ ಸೆರಗು ಒತ್ತಿಕೊಂಡಳು. ಮಗ ಬೋಗುಣಿಯನ್ನು ತನ್ನ ಕಡೆ ಎಳೆದುಕೊಂಡು ಎಲ್ಲರಿಗೂ ಸಾರು ಹಾಕಿದ. ನಾನು ರೊಟ್ಟಿ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟೆ. ನಾಲಗೆ ಸುಟ್ಟಿತು. ಹಾಗೇ ನುಂಗಿದೆ.